ಕಸ ಸುರಿದು ಬುದ್ಧಿ ಕಲಿಸಿದ್ದಾಯಿತು, ಗೊಬ್ಬರ ಮಾಡುವುದನ್ನೂ ಕಲಿಸಿ

ಸಂಪಾದಕರಿಗೆ,

ರಸ್ತೆಯಲ್ಲಿ ಕಸ ಎಸೆದವರ ಬಾಗಿಲಿಗೇ ಕಸ ಸುರಿಯುವ ‘ಹಬ್ಬ’ವನ್ನು 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಆಚರಿಸಿದಾಗ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಮೂಗು ಮುರಿದರು. ನಾನು ಚಪ್ಪಾಳೆ ತಟ್ಟಿದವಳೇ. ಸ್ಕೂಟರನ್ನು ನಿಲ್ಲಿಸದೆಯೇ ಮೂಲೆಗೆ ಪ್ಲಾಸ್ಟಿಕ್ ಚೀಲ ತೂರಿ ಹೋಗುವವರ ಬಗ್ಗೆ ನನಗೇನೂ ಕನಿಕರವಿಲ್ಲ. ಆದರೆ ದಂಡ ಹಾಕುವವರನ್ನೂ ಒಂದು ಮಾತು ಕೇಳಬೇಕು. ಎಸೆಯಬೇಡಿ ಎಂದಿರಿ, ಸರಿ. ಎಸೆಯದೆ ಏನು ಮಾಡಬೇಕು ಅನ್ನುವುದನ್ನು ಕಣ್ಣಾರೆ ತೋರಿಸುವ ಜಾಗಗಳನ್ನು ಎಷ್ಟು ಮಾಡಿದ್ದೀರಿ?

ಅಂಥದ್ದೊಂದು ಜಾಗ ಎಚ್‌ಎಸ್‌ಆರ್ ಬಡಾವಣೆಯಲ್ಲಿದೆ. ಹೆಸರು ಸ್ವಚ್ಛಾಗ್ರಹ ಕಲಿಕಾ ಕೇಂದ್ರ. 2009ರಲ್ಲಿ ಒಂದುಗೂಡಿದ ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್ ಎಂಬ ಸ್ವಯಂಸೇವಕರ ಬಳಗ ಇದರ ಹಿಂದಿದೆ. ಇಲ್ಲಿ ಭಾಷಣವಿಲ್ಲ. ಮಣ್ಣಿನ ಕುಂಡದಿಂದ ಹಿಡಿದು ಅಪಾರ್ಟ್‌ಮೆಂಟಿಗೆ ಬೇಕಾಗುವ ದೊಡ್ಡ ತೊಟ್ಟಿಯವರೆಗೆ ಗೊಬ್ಬರ ಮಾಡುವ ಬಗೆಬಗೆಯ ಸಾಧನಗಳನ್ನು ಸಾಲಾಗಿ ಇಟ್ಟಿದ್ದಾರೆ. ಮುಚ್ಚಳ ತೆಗೆದು ನೋಡಬಹುದು, ಕೈಹಾಕಿ ಮುಟ್ಟಬಹುದು, ಮೂಸಿಯೂ ನೋಡಬಹುದು. ಈ ಮೂಸಿ ನೋಡುವುದೇ ಮುಖ್ಯ. ಗೊಬ್ಬರ ಎಂದೊಡನೆ ಮನೆಯವರು ಮೊದಲು ಎತ್ತುವ ತಕರಾರು ವಾಸನೆಯದು. ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಪುಡಿಯನ್ನು ಒಮ್ಮೆ ಅಂಗೈಯಲ್ಲಿ ಹಿಡಿದವರು ಆ ಮಾತನ್ನು ಮತ್ತೆ ಎತ್ತುವುದಿಲ್ಲ.

ಇದು ಎಚ್‌ಎಸ್‌ಆರ್‌ನಲ್ಲೇ ಬೇರೂರಿದ್ದು ಸೋಜಿಗ. ಅದರ ಪಕ್ಕದಲ್ಲೇ, ಸೋಮಸುಂದರಪಾಳ್ಯದ ಬಳಿ, 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಘಟಕವಿತ್ತು. ಬೇರ್ಪಡಿಸದ ಕಸ ಲಾರಿಗಟ್ಟಲೆ ಬಂದು ಬಿದ್ದು ಸುತ್ತಲಿನವರು ವರ್ಷಗಟ್ಟಲೆ ದುರ್ನಾತದ ವಿರುದ್ಧ ಹೋರಾಡಿದರು. ಎರಡು ಕಡೆಯೂ ತಯಾರಾಗಬೇಕಾದದ್ದು ಗೊಬ್ಬರವೇ. ಒಂದು ಕಡೆ ಊರ ಕಸವೆಲ್ಲ ಒಂದೇ ಗುಡ್ಡೆಯಾಯಿತು, ಇನ್ನೊಂದು ಕಡೆ ಮನೆಯ ಹಸಿ ಕಸ ಮನೆಯ ಅಳತೆಯಲ್ಲೇ ಉಳಿಯಿತು. ವ್ಯತ್ಯಾಸ ಅಷ್ಟೇ.

ಇನ್ನು ತರಗೆಲೆಯ ವಿಷಯ. ಜನವರಿ ಕಳೆಯುತ್ತಿದ್ದಂತೆ ನಮ್ಮ ಬೀದಿಗಳಲ್ಲಿ ಮಳೆಮರ, ಹೊಂಗೆ, ಅರಳಿಗಳ ಎಲೆ ಉದುರಲು ಶುರು. ಬೆಳಗಿನ ಜಾವ ಗುಡಿಸಿ ಗುಡ್ಡೆ ಹಾಕಿದ್ದಕ್ಕೆ ಯಾರೋ ಕಡ್ಡಿ ಗೀರುತ್ತಾರೆ. ನಿವಾಸಿಗಳಿಂದಲೇ ‘ಇಲ್ಲೇ ಸುಟ್ಟುಬಿಡಪ್ಪ’ ಎನ್ನಿಸಿಕೊಂಡ ಪೌರಕಾರ್ಮಿಕರನ್ನು ದೂರಿ ಫಲವಿಲ್ಲ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರೂ ಅವರೇ. ಬಯಲಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳೇ ನಿಷೇಧಿಸಿದ್ದವು. ನಿಷೇಧ ಕಾಗದದಲ್ಲಿದೆ, ಹೊಗೆ ಬೀದಿಯಲ್ಲಿದೆ. ಆಸ್ತಮಾ ಇರುವ ಮಗುವಿನ ತಾಯಿಯನ್ನು ಕೇಳಿ ನೋಡಿ, ಚಳಿಗಾಲದ ಬೆಳಗು ಹೇಗಿರುತ್ತದೆಂದು.

ಸುಟ್ಟು ಹಾಕುವ ಈ ಎಲೆಯೇ ಅಡುಗೆಮನೆಯ ಕಸಕ್ಕೆ ಬೇಕಾದದ್ದು. ತರಕಾರಿ ಸಿಪ್ಪೆ, ಉಳಿದ ಅನ್ನದಲ್ಲಿ ನೀರೂ ಸಾರಜನಕವೂ ಹೆಚ್ಚು. ಹಾಗೇ ಬಿಟ್ಟರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಅದು ನೀರು ಹೀರಿ ಗಾಳಿಗೆ ದಾರಿ ಬಿಡುತ್ತದೆ. ಒಂದು ಪದರ ಹಸಿ ಕಸ, ಮೇಲೊಂದು ಪದರ ಪುಡಿ ಮಾಡಿದ ತರಗೆಲೆ, ಆರಂಭಕ್ಕೆ ಒಂದಿಷ್ಟು ಹುಳಿ ಮಜ್ಜಿಗೆ, ಆಗಾಗ ಕೈಯಾಡಿಸುವುದು. ಹೆಚ್ಚೂಕಡಿಮೆ ಒಂದೂವರೆ ತಿಂಗಳಿಂದ ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧ. ತಿಪ್ಪೆಗುಂಡಿ ಇದ್ದ ಮನೆಗಳಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹೊಸದು ಏನೆಂದರೆ, ಬೆಂಗಳೂರು ಒಂದನ್ನು ಸುಡುತ್ತದೆ, ಇನ್ನೊಂದನ್ನು ಡೀಸೆಲ್ ಸುಟ್ಟು ಊರಾಚೆಗೆ ಸಾಗಿಸುತ್ತದೆ, ಆಮೇಲೆ ತಾರಸಿಯ ಕುಂಡಕ್ಕೆಂದು ಅಂಗಡಿಯಲ್ಲಿ ಗೊಬ್ಬರದ ಪ್ಯಾಕೆಟ್ ಕೊಳ್ಳುತ್ತದೆ. ಆಯುಧಪೂಜೆಯ ಮರುದಿನ ರಸ್ತೆಗುಂಟ ಬೀಳುವ ಬೂದುಗುಂಬಳ, ಬಾಳೆಕಂದುಗಳ ಕಥೆಯೂ ಇದೇ.

ಊರಾಚೆ ಎಂದರೆ ಅಲ್ಲೂ ಊರಿದೆ. ಮಾವಳ್ಳಿಪುರ, ಮಂಡೂರಿನವರು ನಮ್ಮ ಕಸದ ಜೊತೆ ಬಾಳಿದ್ದನ್ನು ಮರೆಯುವ ಹಾಗಿಲ್ಲ. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿದಾಗ ನಗರದ ಬೀದಿಗಳಲ್ಲೇ ಕಸದ ಗುಡ್ಡಗಳೆದ್ದವು. ಮಂಡೂರಿನವರು ರಸ್ತೆಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡಿನಂಥವು, ಚೀಲಕ್ಕೆ ಒಣ ಕಸ. ಅದಕ್ಕೂ ಮೊದಲೇ ಮನೆಮನೆ ಹತ್ತಿ ಇದನ್ನು ರೂಢಿಸಿದವರು ಇಂಥ ಬಳಗಗಳ ಸ್ವಯಂಸೇವಕರು. ಒಣ ಕಸದ ಕಡೆ ಚಿಂದಿ ಆಯುವವರನ್ನು ಸಂಘಟಿಸಿ, ಒಣತ್ಯಾಜ್ಯ ಕೇಂದ್ರಗಳನ್ನು ಅವರೇ ನಡೆಸುವಂತೆ ಮಾಡಿದ ಹಸಿರು ದಳದ ಕೆಲಸ ಪ್ರತ್ಯೇಕ ಪತ್ರಕ್ಕೇ ಯೋಗ್ಯ.

ಒಂದು ಆಕ್ಷೇಪವನ್ನು ಹೇಳಲೇಬೇಕು. ಮನೆಯಲ್ಲೇ ಗೊಬ್ಬರ ಮಾಡುವ ಈ ಚಳವಳಿ ಹೆಚ್ಚಾಗಿ ತಾರಸಿ, ಬಾಲ್ಕನಿ ಇರುವವರ ನಡುವೆ, ಅರ್ಧ ಇಂಗ್ಲಿಷಿನಲ್ಲಿ ನಡೆಯುತ್ತದೆ. ಶ್ರೀರಾಂಪುರದ ವಠಾರದಲ್ಲಿ ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಗೆ ಗೊಬ್ಬರ ಮಾಡುವ ಮೂರು ಅಂತಸ್ತಿನ ಕುಂಡ ಇಟ್ಟುಕೊಳ್ಳಿ ಎಂದರೆ ಎಲ್ಲಿಡಬೇಕು? ಅಲ್ಲಿಗೆ ಬೇಕಾದದ್ದು ಬೀದಿಗೊಂದು ಸಾಮೂಹಿಕ ತೊಟ್ಟಿ, ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಮನುಷ್ಯ, ಕನ್ನಡ, ತಮಿಳು, ಉರ್ದುವಿನಲ್ಲಿ ಮಾತಾಡುವ ಕಲಿಸುಗರು. ಸ್ವಯಂಸೇವಕರ ಬಿಡುವಿನ ವೇಳೆಯನ್ನು ನಂಬಿ ಇಷ್ಟು ದೊಡ್ಡ ನಗರ ನಡೆಯದು.

ಅದಕ್ಕೇ ನನ್ನ ಕೋರಿಕೆ. 2025ರ ಸೆಪ್ಟೆಂಬರ್‌ನಿಂದ ನಮಗೀಗ ಒಂದಲ್ಲ, ಐದು ಪಾಲಿಕೆಗಳಿವೆ. ಆ ವರ್ಷದ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿಯವರೆಗೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ವಾರ್ಡಿಗೊಂದು ಎಂದು ಘೋಷಿಸಿ ಒಂದನ್ನೂ ಮಾಡದಿರುವ ಬದಲು, ಮೊದಲು ವಿಧಾನಸಭಾ ಕ್ಷೇತ್ರಕ್ಕೊಂದು ಕಲಿಕಾ ಕೇಂದ್ರ ತೆರೆಯಲಿ. ಜಾಗ ಹುಡುಕಬೇಕಿಲ್ಲ, ಪಾರ್ಕಿನ ಒಂದು ಮೂಲೆ ಸಾಕು. ನಡೆಸಲು ಅನುಭವವಿರುವ ಸಂಸ್ಥೆಗಳಿಗೆ ಲಿಖಿತ ಒಪ್ಪಂದ ಮಾಡಿಕೊಡಲಿ, ಎಂಜಿನಿಯರ್ ವರ್ಗವಾದೊಡನೆ ಬೀಗ ಬೀಳುವಂತಾಗಬಾರದು. ಅಲ್ಲಿ ದುಡಿಯುವವರ ಸಂಬಳ ಕಸದ ಶುಲ್ಕದಿಂದಲೇ ಬರಲಿ. ತಯಾರಾದ ಗೊಬ್ಬರ ಅದೇ ಪಾರ್ಕಿನ ಗಿಡಗಳಿಗೂ ರಸ್ತೆಬದಿಯ ಸಸಿಗಳಿಗೂ ಹೋಗಲಿ.

ಇಷ್ಟಕ್ಕೆಲ್ಲ ಸಮಯ ಹಿಡಿಯುತ್ತದೆ ಎನ್ನುವುದಾದರೆ, ಎಲೆ ಉದುರುವ ಮೊದಲೇ ಪ್ರತಿ ಪಾರ್ಕಿನಲ್ಲಿ ನಾಲ್ಕು ಕಂಬ ನೆಟ್ಟು, ಸುತ್ತ ತಂತಿಜಾಲರಿ ಬಿಗಿದು, ತರಗೆಲೆ ತುಂಬಿ ಗೊಬ್ಬರವಾಗಲು ಬಿಡುವ ಒಂದೊಂದು ಎಲೆಗೂಡನ್ನಾದರೂ ನಿಲ್ಲಿಸಲಿ. ಇದಕ್ಕೆ ಟೆಂಡರೂ ಬೇಕಿಲ್ಲ, ಉದ್ಘಾಟನೆಗೆ ಮಂತ್ರಿಗಳೂ ಬೇಕಿಲ್ಲ.

– ನಿವೃತ್ತ ಶಿಕ್ಷಕಿ, ವಿಜಯನಗರ, ಬೆಂಗಳೂರು