ಹಳೇ ಕಾರಿಗೆ ಹೊಸ ಬೀಡಿಂಗ್: ನಮ್ಮ ಕೆಲಸದ ಕ್ರಮ ಬದಲಾಗುತ್ತಿದೆ

ನಮ್ಮ ಎಲ್ಲ ಗ್ರಾಹಕರಿಗೆ ಶರಣು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಹುಬ್ಬಳ್ಳಿ ಗ್ಯಾರೇಜಿನಲ್ಲಿ ಹಳೇ ಕಾರುಗಳಿಗೆ ಹೊರಗಿನ ಸಾಮಾನು ಕೂಡಿಸುವ ರೀತಿ ಬದಲಾಗುತ್ತದೆ. ಡೋರಿನ ಬೀಡಿಂಗ್ (ಬದಿಗೆ ಉದ್ದಕ್ಕೆ ಕೂಡಿಸುವ ಹೊಳೆಯುವ ಪಟ್ಟಿ), ಕ್ರೋಮ್ ಪಟ್ಟಿ, ಗ್ರಿಲ್, ಬಂಪರ್, ಗಾಜಿನ ರಬ್ಬರ್, ಹೆಸರಿನ ಬ್ಯಾಡ್ಜ್ ಎಲ್ಲವೂ ಇದರಲ್ಲಿ ಬಂತು. ಇಷ್ಟು ದಿನ ಪೇಂಟ್ ಮುಗಿದ ಮೇಲೆ ಸಾಮಾನು ಹಚ್ಚುತ್ತಿದ್ದೆವು. ಇನ್ನು ಮುಂದೆ ಟಿಂಕರಿಂಗ್ (ತಗಡಿನ ಕೆಲಸ) ಆಗಿ, ಪ್ರೈಮರ್ (ಪೇಂಟಿನ ಕೆಳಗಿನ ಮೊದಲ ಕೋಟ್) ಹೊಡೆದ ಗಾಡಿಗೇ ಎಲ್ಲವನ್ನೂ ಒಮ್ಮೆ ಕೂಡಿಸಿ ನೋಡುತ್ತೇವೆ. ಇದಕ್ಕೆ ಟ್ರಯಲ್ ಫಿಟಿಂಗ್ ಅನ್ನುತ್ತೇವೆ. ನೀವೂ ಬಂದು ನೋಡಬೇಕು. ಆಮೇಲೆ ಬಿಚ್ಚಿ, ಪೇಂಟ್ ಮಾಡಿ, ಪೇಂಟ್ ಗಟ್ಟಿಯಾದ ಮೇಲೆ ಮತ್ತೆ ಕೂಡಿಸುತ್ತೇವೆ. ಇದರಿಂದ ಗಾಡಿ ನಮ್ಮಲ್ಲಿ ಜಾಸ್ತಿ ದಿನ ಇರುತ್ತದೆ. ಫಿಟಿಂಗ್ ಕೂಲಿಯನ್ನೂ ಬಿಲ್ಲಿನಲ್ಲಿ ಬೇರೆಯಾಗಿ ಬರೆಯುತ್ತೇವೆ. ಯಾಕೆ ಅಂತ ಬಿಡಿಸಿ ಹೇಳಲಿಕ್ಕೇ ಈ ಪತ್ರ.

ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಫಿಯಟ್, ಪದ್ಮಿನಿ, ಅಂಬಾಸಿಡರ್‌ಗಳೇ ಹೆಚ್ಚು. ಹಳೇ ಕಾಂಟೆಸ್ಸಾ, ಮಾರುತಿ 800 ಕೂಡ ಬರುತ್ತವೆ. ಮುಂಬೈಯ ಕುರ್ಲಾದಲ್ಲಿ ಪದ್ಮಿನಿ ತಯಾರಿ 2000ದ ಸುಮಾರಿಗೇ ನಿಂತಿತು. ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು. ಹಾಗಾಗಿ ಈ ಗಾಡಿಗಳಿಗೆ ಕಂಪನಿ ಬೀಡಿಂಗ್ ಅನ್ನುವುದು ಎಲ್ಲೋ ಹಳೇ ಅಂಗಡಿಯ ಅಟ್ಟದ ಮೇಲೆ ಸಿಕ್ಕರೆ ಸಿಕ್ಕಿತು. ಈಗ ಮುಂಬೈ, ದಿಲ್ಲಿಯ ಕಾಶ್ಮೀರಿ ಗೇಟ್, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರುವುದೆಲ್ಲ ಹಳೇ ಪೀಸ್ ನೋಡಿಕೊಂಡು ಹೊಸದಾಗಿ ಮಾಡಿದ ಮಾಲು. ಡೂಪ್ಲಿಕೇಟ್ ಅಂತ ಅದನ್ನು ತಳ್ಳಿಹಾಕಬೇಕಿಲ್ಲ. ಎಷ್ಟೋ ಪೀಸ್ ಚೆನ್ನಾಗಿಯೇ ಇರುತ್ತವೆ. ಆದರೆ ಡಬ್ಬಿಯಿಂದ ತೆಗೆದ ಕೂಡಲೇ ಸರಿಯಾಗಿ ಕೂಡುತ್ತವೆ ಅಂತ ನಂಬಬಾರದು. ಅಚ್ಚು ಬೇರೆ, ತಗಡಿನ ದಪ್ಪ ಬೇರೆ. ಗಾಡಿಯೂ ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೆ ಇರುವುದಿಲ್ಲ. ನಡುವೆ ಯಾರೋ ಡೆಂಟ್ ತೆಗೆದಿರುತ್ತಾರೆ, ಪುಟ್ಟಿ ತುಂಬಿರುತ್ತಾರೆ, ಡೋರ್ ಸ್ವಲ್ಪ ಜೋತುಬಿದ್ದಿರುತ್ತದೆ.

ಒಂದು ಪದ್ಮಿನಿಯ ಪಕ್ಕದ ಬೀಡಿಂಗ್ ತಗೊಳ್ಳಿ. ನೋಡಿದರೆ ಸರಳ ಪಟ್ಟಿ. ಕೈಗೆ ತಗೊಂಡರೆ ಗೊತ್ತಾಗುತ್ತದೆ, ಹೊಸ ಪಟ್ಟಿ ಅಳತೆಕೋಲಿನಂತೆ ನೇರ ಇರುತ್ತದೆ. ಡೋರ್ ನೇರ ಇಲ್ಲ, ಅದಕ್ಕೆ ಸಣ್ಣ ಬಾಗು ಇದೆ. ಹಾಗೇ ಒತ್ತಿ ಕೂಡಿಸಿದರೆ ನಡುವೆ ಕೂಡುತ್ತದೆ, ಎರಡೂ ತುದಿ ಎದ್ದು ನಿಲ್ಲುತ್ತವೆ. ಅದಕ್ಕೆ ಮೊದಲು ಬಟ್ಟೆ ಸುತ್ತಿದ ಕಟ್ಟಿಗೆಯ ಮೇಲಿಟ್ಟು, ಕೈಯಿಂದಲೇ ಸ್ವಲ್ಪ ಸ್ವಲ್ಪ ಬಾಗಿಸಬೇಕು. ಒಮ್ಮೆ ಮಡಿಕೆ ಬಿತ್ತೋ, ಆ ಪಟ್ಟಿ ಹೋಯಿತು. ಆಮೇಲೆ ಕ್ಲಿಪ್. ಪಟ್ಟಿಯ ಒಳಗಿನ ಅಗಲ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಕ್ಲಿಪ್ ಸಡಿಲ ಆಗುತ್ತದೆ, ಇಲ್ಲವೇ ಬಿಗಿಯಾಗಿ ಒಡೆಯುತ್ತದೆ. ಮುಂದಿನ ಫೆಂಡರ್‌ನಿಂದ (ಮುಂದಿನ ಚಕ್ರದ ಮೇಲಿನ ತಗಡು) ಹಿಂದಿನ ತನಕ ಒಂದೇ ದಾರ ಎಳೆದು, ಪಟ್ಟಿಗಳೆಲ್ಲ ಒಂದೇ ಗೆರೆಯಲ್ಲಿವೆಯಾ ಅಂತ ದೂರ ನಿಂತು ನೋಡಬೇಕು. ಹತ್ತಿರದಿಂದ ಸರಿ ಕಂಡದ್ದು ಹತ್ತು ಹೆಜ್ಜೆ ಹಿಂದೆ ಹೋದರೆ ಸೊಟ್ಟ ಕಾಣುತ್ತದೆ. ನಾವು ಮೊದಲು ಎರಡೂ ಡೋರಿನ ಪಟ್ಟಿ ಹೊಂದಿಸಿ, ಫೆಂಡರಿನ ಪಟ್ಟಿಯನ್ನು ಕೊನೆಗೆ ಇಡುತ್ತೇವೆ. ಡೋರ್ ತೆರೆದಾಗ ಅದರ ಮುಂದಿನ ಅಂಚು ಒಳಗೆ ತಿರುಗುತ್ತದೆ, ಅಲ್ವಾ? ಪಟ್ಟಿ ಅಂಚಿಗಿಂತ ಕೂದಲೆಳೆಯಷ್ಟು ಮುಂದೆ ಬಂದರೂ ಫೆಂಡರಿಗೆ ಉಜ್ಜಿ ಪೇಂಟ್ ಕಿತ್ತುಬರುತ್ತದೆ.

ಇಷ್ಟೆಲ್ಲ ಹೊಂದಾಣಿಕೆ ಹೊಸ ಪೇಂಟಿನ ಮೇಲೆ ಮಾಡುವುದು ಗಾಡಿಗೆ ಒಳ್ಳೆಯದಲ್ಲ. ಪ್ರೈಮರ್ ಮೇಲೆ ಗೀರು ಬಿದ್ದರೆ ಉಜ್ಜಿ ಸರಿ ಮಾಡಬಹುದು.

ಅದಕ್ಕಿಂತ ದೊಡ್ಡ ಕಾರಣ ತೂತುಗಳದ್ದು. ಹೊಸ ಪಟ್ಟಿಯ ಕ್ಲಿಪ್ ಇರುವ ಜಾಗ, ಡೋರಿನಲ್ಲಿ ತೂತು ಇರುವ ಜಾಗ ಎಷ್ಟೋ ಸಲ ಹೊಂದುವುದಿಲ್ಲ. ಹೊಸ ತೂತು ಕೊರೆದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಪೇಂಟ್ ಆದ ಮೇಲೆ ಕೊರೆದ ತೂತಿನ ಅಂಚು ಬರೀ ಕಬ್ಬಿಣವಾಗಿ ಉಳಿಯುತ್ತದೆ. ಡ್ರಿಲ್‌ನ ಕಬ್ಬಿಣದ ಪುಡಿ ಡೋರಿನ ಒಳಗೆ ತಳಕ್ಕೆ ಬೀಳುತ್ತದೆ. ಅಲ್ಲಿ ನೀರು ಹೋಗಲು ಬಿಟ್ಟ ಸಣ್ಣ ಕಿಂಡಿಗಳಿರುತ್ತವೆ. ಅವು ಕಟ್ಟಿಕೊಂಡರೆ ಮಳೆಗಾಲದ ನೀರು ಒಳಗೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಗುಳ್ಳೆ ಎದ್ದಾಗ ತಗಡು ಆಗಲೇ ತಿಂದುಹೋಗಿರುತ್ತದೆ. ಹಾಗಾಗಿ ಈಗ ಮೊದಲು ಡೋರ್ ಪ್ಯಾಡ್ ಬಿಚ್ಚಿ, ಒಳಗಿನಿಂದ ಟಾರ್ಚ್ ಹಿಡಿದು ಕಾರ್ಖಾನೆಯ ತೂತುಗಳನ್ನು ಹುಡುಕುತ್ತೇವೆ. ಹೊರಗೆ ಪುಟ್ಟಿ ಮುಚ್ಚಿದ್ದರೂ ಒಳಗಿನಿಂದ ಅವು ಕಾಣುತ್ತವೆ. ಆ ತೂತುಗಳಿಗೆ ತಕ್ಕಂತೆ ಕ್ಲಿಪ್ ಸರಿಸುತ್ತೇವೆ, ಗಾಡಿಯನ್ನು ಮುಟ್ಟುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ನಿಮಗೆ ತೋರಿಸಿ, ಒಪ್ಪಿಗೆ ಪಡೆದು, ಪೇಂಟಿಗೆ ಮೊದಲೇ ಕೊರೆಯುತ್ತೇವೆ. ಪ್ರತಿ ತೂತಿನ ಅಂಚಿಗೂ ಪ್ರೈಮರ್ ಮತ್ತು ಪೇಂಟ್ ಆಗುತ್ತದೆ. ಕೊನೆಯ ಫಿಟಿಂಗ್‌ನಲ್ಲಿ ಕ್ಲಿಪ್ ಸುತ್ತ ಸೀಲಂಟ್ ಹಾಕುತ್ತೇವೆ.

50 ವರ್ಷ ದಾಟಿದ ಗಾಡಿ ಇರುವವರು ಇದನ್ನು ಇನ್ನೂ ಗಮನವಿಟ್ಟು ಓದಿ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಅಂತ ನೋಂದಣಿ ಆಗಬೇಕಾದರೆ ಗಾಡಿ ಮೂಲ ರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ಬದಲಾವಣೆ ಆಗಿರಬಾರದು. ಒಂದು ಪಟ್ಟಿಗೋಸ್ಕರ ಬಾಡಿ ಕತ್ತರಿಸುವ ಕೆಲಸವನ್ನು ನಾವು ಯಾರ ಗಾಡಿಗೂ ಮಾಡುವುದಿಲ್ಲ.

ಇನ್ನು ಹಳೇ ಸಾಮಾನಿನ ವಿಷಯ. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ಗದಗ, ಹಾವೇರಿ ಕಡೆಯಿಂದ ಬರುವ ಎಷ್ಟೋ ಗಾಡಿಗಳಲ್ಲಿ ಮೂಲ ಪಟ್ಟಿ ಇನ್ನೂ ಇರುತ್ತದೆ. ಬರೀ ಮಂಕಾಗಿ, ಒಂದೆರಡು ಕಡೆ ತಗ್ಗಾಗಿರುತ್ತದೆ. ಅದು ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಹಿಂದಿನಿಂದ ಮೆಲ್ಲಗೆ ತಟ್ಟಿ, ಬಫಿಂಗ್ ಮಾಡಿದರೆ (ಮಶಿನ್‌ನಲ್ಲಿ ಉಜ್ಜಿ ಹೊಳಪು ತಂದರೆ) ಹೊಸದಕ್ಕಿಂತ ಚೆಂದ ಬರುತ್ತದೆ. ಗಾಡಿಗೂ ಅದೇ ಹೊಂದುತ್ತದೆ. ಕ್ರೋಮ್ ಪ್ಲೇಟಿಂಗ್ ಮಾಡಿದ ಪೀಸ್ ಆದರೆ ಬಫಿಂಗ್‌ಗೆ ಹಾಕಬಾರದು. ಮೇಲಿನ ಕ್ರೋಮ್ ಬಲು ತೆಳು, ಉಜ್ಜಿದರೆ ಕೆಳಗಿನ ನಿಕಲ್, ತಾಮ್ರ ಕಾಣುತ್ತದೆ. ಅದಕ್ಕೆ ಮತ್ತೆ ಪ್ಲೇಟಿಂಗ್ ಮಾಡಿಸುವುದೇ ದಾರಿ. ಕೆಲವರು ಅಯಸ್ಕಾಂತ ಹಚ್ಚಿ ನೋಡಿ, ಅಂಟಿತು ಅಂದರೆ ಸ್ಟೇನ್‌ಲೆಸ್ ಅಲ್ಲ ಅನ್ನುತ್ತಾರೆ. ಹಾಗೇನಿಲ್ಲ. ಗಾಡಿಯ ಬೀಡಿಂಗ್‌ಗೆ ಬಳಸುವ 430 ಗ್ರೇಡ್ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುತ್ತದೆ. ಅಂಟದೇ ಇರುವುದು 304. ನಮ್ಮ ಮಟ್ಟಿಗೆ ಹೇಳುವುದಾದರೆ, ಹಳೇದು ಸರಿಯಾಗುವಂತಿದ್ದರೆ ಹೊಸದು ಕೊಳ್ಳುವುದು ಬೇಡ. ಹೊಸದೇ ಹಾಕಿದರೂ ಹಳೇ ಪೀಸನ್ನು ಚೀಟಿ ಕಟ್ಟಿ ನಿಮಗೇ ಹಿಂದಿರುಗಿಸುತ್ತೇವೆ.

ಬಂಪರ್ ಬಗ್ಗೆ ಒಂದು ಮಾತು. ಹೊಸ ಬಂಪರ್ ಮುಂದೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಹಿಂಬದಿಗೆ ಪ್ಲೇಟಿಂಗ್ ಹೆಸರಿಗಷ್ಟೇ ಇರುತ್ತದೆ. ನಮ್ಮ ಕಡೆಯ ಎರಿ ಮಣ್ಣು ಮಳೆಯಲ್ಲಿ ಅದರ ಹಿಂದೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ಅದಕ್ಕೆ ಪ್ರತಿ ಬಂಪರಿನ ಹಿಂಬದಿಗೆ ತುಕ್ಕು ತಡೆಯುವ ಪೇಂಟ್ ಹೊಡೆದೇ ಕೂಡಿಸುತ್ತೇವೆ. ಇದರ ಖರ್ಚು ಫಿಟಿಂಗ್ ಕೂಲಿಯಲ್ಲೇ ಸೇರಿದೆ. ಹೊಲದ ದಾರಿಯಲ್ಲಿ ಓಡಾಡುವವರು ಗಾಡಿ ತೊಳೆಯುವಾಗ ಬಂಪರಿನ ಹಿಂದೆಯೂ ಪೈಪ್ ಹಿಡಿಯಿರಿ.

ಬ್ಯಾಡ್ಜ್‌ಗಳಿಗೆ ಮಾತ್ರ ಡಬಲ್ ಸೈಡ್ ಟೇಪ್ ಬಳಸುತ್ತೇವೆ, ಅದೂ ಮೂಲದಲ್ಲಿ ತೂತು ಇಲ್ಲದ ಕಡೆ. ಅಂಟು ಪೂರ್ತಿ ಹಿಡಿಯಲು ಮೂರು ದಿನ ಬೇಕು. ಅಲ್ಲಿಯ ತನಕ ಗಾಡಿ ತೊಳೆಯಬೇಡಿ. ಹೊಸ ರಬ್ಬರ್ ಹಾಕಿದ ಮೇಲೆ ಡೋರ್ ಸ್ವಲ್ಪ ಬಿಗಿ ಅನ್ನಿಸಿದರೆ ಗಾಬರಿ ಬೇಡ. ರಬ್ಬರ್ ಒತ್ತಿಕೊಳ್ಳಲು ಕೆಲವು ವಾರ ಬಿಡಿ. ಲಾಕ್ ಅನ್ನು ಕೂಡಲೇ ಸಡಿಲ ಮಾಡಿಸಬೇಡಿ.

ಸಾಮಾನು ನೀವೇ ತಂದುಕೊಟ್ಟರೂ ಕೂಡಿಸಿಕೊಡುತ್ತೇವೆ. ಆದರೆ ಕೊಳ್ಳುವ ಮೊದಲು ಆರ್‌ಸಿ ಮತ್ತು ಗಾಡಿಯ ನಾಲ್ಕೂ ಕಡೆಯ ಫೋಟೋ ನಮಗೆ ತೋರಿಸಿ. ಅಂಬಾಸಿಡರ್ ಅಂದರೆ ಒಂದೇ ಅಲ್ಲ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಗ್ರಿಲ್‌ಗಳು ಬೇರೆ ಬೇರೆ. ಅಂಗಡಿಯಲ್ಲಿ ‘ಎಲ್ಲಾದಕ್ಕೂ ಆಗುತ್ತೆ’ ಅಂದರೆ ದುಡ್ಡು ಕೊಡುವ ಮುಂಚೆ ನಮ್ಮನ್ನು ಒಮ್ಮೆ ಕೇಳಿ.

ಕೂಲಿ ಎಷ್ಟಾಗುತ್ತದೆ ಅಂತ ಟ್ರಯಲ್ ಫಿಟಿಂಗ್‌ಗೆ ಮೊದಲೇ ಬರೆದು ಕೊಡುತ್ತೇವೆ. ನೀವು ಒಪ್ಪಿದ ಮೇಲೆಯೇ ಗಾಡಿಗೆ ಕೈ ಹಾಕುತ್ತೇವೆ. ಟ್ರಯಲ್ ದಿನ ಬರಲು ಆಗದವರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಬಹುದು, ಆದರೂ ಬಂದು ನೋಡುವುದೇ ಒಳ್ಳೆಯದು. ಪಟ್ಟಿಯ ಗೆರೆ ಫೋನಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಮಳೆಗಾಲದಲ್ಲಿ ಪೇಂಟ್ ಗಟ್ಟಿಯಾಗಲು ತಡವಾಗುತ್ತದೆ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದು ಆ ಹೊತ್ತಿಗೆ ಗಾಡಿ ಬೇಕು ಅನ್ನುವವರು ಸಾಕಷ್ಟು ಮೊದಲೇ ತಿಳಿಸಿ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರವೇ ಇರುತ್ತದೆ. ಟ್ರಯಲ್ ಫಿಟಿಂಗ್ ಮಾತ್ರ ಅವರ ಗಾಡಿಗೂ ಮಾಡುತ್ತೇವೆ, ಅದಕ್ಕೆ ಹೆಚ್ಚಿನ ದುಡ್ಡು ಇಲ್ಲ. ಏನೇ ಕೇಳಬೇಕಿದ್ದರೂ ಭಾನುವಾರ ಬಿಟ್ಟು ಯಾವ ದಿನವಾದರೂ ಗ್ಯಾರೇಜಿಗೆ ಬನ್ನಿ. ಟ್ರಯಲ್‌ಗೆ ನಿಂತ ಗಾಡಿ ಇದ್ದರೆ ಅದನ್ನೂ ತೋರಿಸುತ್ತೇವೆ.

ಇಂತಿ ನಿಮ್ಮ,
ಗ್ಯಾರೇಜಿನ ಮಿಸ್ತ್ರಿಗಳು ಮತ್ತು ಬಳಗ
ಹುಬ್ಬಳ್ಳಿ