ಹಸಿ ಕಸ ಇಂದಾವರದ ತನಕ ಹೋಗ್ಲೇಬೇಕಾ?

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಲ್ಲಿ ಕಸದ ಮಾತು ಬಂದಾಗೆಲ್ಲ ಇನ್ನಷ್ಟು ಗಾಡಿ ಬೇಕು, ದೊಡ್ಡ ಮಷಿನ್ ಬೇಕು, ಊರಿನ ಕಸ ಸುರಿಯೋ ಇಂದಾವರದಲ್ಲಿ ಇನ್ನೂ ಜಾಗ ಬೇಕು ಅಂತಾನೇ ಜನ ಶುರು ಮಾಡ್ತಾರೆ. ನಂಗೆ ಅನ್ಸೋದು ಹಸಿ ಕಸ ಲಾರಿ ಹತ್ತೋದೇ ಬೇಡ, ಅದು ಎಲ್ಲಿ ಆಗುತ್ತೋ ಆ ವಾರ್ಡಲ್ಲೇ ಗೊಬ್ಬರ ಆಗ್ಲಿ, ದುಡ್ಡು ಉಳಿಯೋದೇ ಅಲ್ಲಿ.

ನಮ್ಮ ಊರುಗಳ ಕಸದಲ್ಲಿ ಹೆಚ್ಚುಕಮ್ಮಿ ಅರ್ಧ ಹಸಿ ಕಸಾನೇ, ತರಕಾರಿ ಸಿಪ್ಪೆ, ಮುಸುರೆ, ಉಂಡ ಎಲೆ, ಮಿಕ್ಕಿದ ಅನ್ನ ಸಾರು, ಅದ್ರಲ್ಲೂ ಮುಕ್ಕಾಲು ಪಾಲಿನ ಹತ್ರ ಬರೀ ನೀರು. ಡೀಸೆಲ್ ಹಾಕಿ, ಡ್ರೈವರ್‌ಗೆ ಸಂಬಳ ಕೊಟ್ಟು ದಿನಾ ಊರಾಚೆ ಸಾಗಿಸ್ತಿರೋದು ಈ ನೀರನ್ನ. ಅದು ಸುಮ್ನೆ ಹೋಗಲ್ಲ, ಜೊತೆಲಿರೋ ರಟ್ಟು, ಪೇಪರ್, ಪ್ಲಾಸ್ಟಿಕ್ ಎಲ್ಲಾನೂ ನೆನೆಸಿ ಗುಜರಿಯವರೂ ಬೇಡ ಅನ್ನೋ ಹಾಗೆ ಮಾಡುತ್ತೆ. ಆಮೇಲೆ ರಾಶಿ ಒಳಗೆ ಗಾಳಿ ಆಡದೆ ಕೊಳೆತು ಮೀಥೇನ್ ಗ್ಯಾಸ್ ಏಳುತ್ತೆ, ಬೇಸಿಗೆಲಿ ಡಂಪಿಂಗ್ ಯಾರ್ಡ್‌ಗಳು ಹೊತ್ಕೊಂಡು ಉರಿಯೋದಕ್ಕೆ ಅದೂ ಒಂದು ಕಾರಣ, ಮಳೆ ಹಿಡೀತು ಅಂದ್ರೆ ಕಪ್ಪು ನೀರು ಇಳಿದು ಪಕ್ಕದವ್ರ ಬಾವಿಗೆ, ಗದ್ದೆಗೆ ಸೇರುತ್ತೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿ ಕಸದ ಗುಡ್ಡ ಜರಿದು ಪಕ್ಕದ ಮಂದಾರದಲ್ಲಿ ಅಡಿಕೆ ತೋಟ, ಮನೆ ಎಲ್ಲ ಮುಚ್ಚೋಯ್ತಲ್ಲ, ಅದನ್ನ ನಾವು ಮರೀಬಾರ್ದು. ನಮ್ಮ ಕಡೆ ಮಳೆ ಏನು ಕಮ್ಮಿನಾ?

ಗೊಬ್ಬರಕ್ಕೆ ಬೇಕಾದ್ದೆಲ್ಲ ಇಲ್ಲೇ ಇದೆ. ಚಳಿಗಾಲದಲ್ಲಿ ಬೆಳಿಗ್ಗೆ ವಾಕಿಂಗ್ ಹೋದ್ರೆ ರಸ್ತೆ ಬದಿ ದರಗು, ಅಂದ್ರೆ ಒಣಗಿ ಉದುರಿದ ಎಲೆ, ಗುಡಿಸಿ ಬೆಂಕಿ ಕೊಟ್ಟಿರ್ತಾರೆ, ಹೊಗೆಗೆ ಕೆಮ್ಮು ಬರುತ್ತೆ. ಆ ದರಗೇ ಹಸಿ ಕಸಕ್ಕೆ ಔಷಧಿ ಕಣ್ರೀ. ಒಂದು ಪದರ ಹಸಿ ಕಸ, ಮೇಲೆ ದಪ್ಪಗೆ ದರಗು, ಸ್ವಲ್ಪ ಸಗಣಿ ನೀರು, ವಾರಕ್ಕೊಂದ್ಸಲ ಮಗುಚಿ ಹಾಕಿದ್ರೆ ರಾಶಿ ಒಳಗೆ 55-60 ಡಿಗ್ರಿ ಬಿಸಿ ಏರುತ್ತೆ, ಕೈ ಇಟ್ರೆ ಸುಡುತ್ತೆ, ಕಳೆ ಬೀಜ, ರೋಗದ ಹುಳ ಎಲ್ಲ ಸಾಯುತ್ತೆ, ಎರಡು ತಿಂಗಳಲ್ಲಿ ಮಣ್ಣಿನ ವಾಸನೆ ಬರೋ ಗೊಬ್ಬರ ರೆಡಿ. ನಾರ್ತಿದೆ ಅಂದ್ರೆ ನೀರು ಜಾಸ್ತಿ ಆಯ್ತು, ಇನ್ನಷ್ಟು ದರಗು ಹಾಕ್ಬೇಕು ಅಷ್ಟೆ. ನಮ್ಮೂರಲ್ಲಿ ಮೇಲೊಂದು ಶೀಟಿನ ಸೂರು ಮಾತ್ರ ಇರ್ಲೇಬೇಕು, ಇಲ್ದಿದ್ರೆ ಜುಲೈ ತಿಂಗಳಲ್ಲಿ ಎಲ್ಲ ತೊಳ್ಕೊಂಡು ಹೋಗುತ್ತೆ.

ಇನ್ನು ಗೊಬ್ಬರ ಯಾರಿಗೆ ಮಾರೋದು ಅಂತ ಬೇರೆ ಊರವ್ರು ತಲೆ ಕೆಡಿಸ್ಕೋಬೇಕು, ನಮಗೆ ಸುತ್ತ ಕಾಫಿ ತೋಟ, ಮೆಣಸು, ಅಡಿಕೆ. ತೋಟದವ್ರು ಕಾಫಿ ಸಿಪ್ಪೆನೇ ಕೊಳೆಸಿ ಗೊಬ್ಬರ ಮಾಡ್ಕೊಳ್ಳೋ ಜನ, ಸಾಲದೇ ಹೊರಗಿಂದ ಕೊಟ್ಟಿಗೆ ಗೊಬ್ಬರ ತರಿಸ್ತಾರೆ. ಆದ್ರೆ ಪಟ್ಟಣದ ಗೊಬ್ಬರ ಅಂದ್ರೆ ಹಿಂದೆ ಸರೀತಾರೆ, ಅದು ಅವ್ರ ತಪ್ಪಲ್ಲ. ಮಿಕ್ಸ್ ಕಸ ಜರಡಿ ಹಿಡಿದು ಮಾಡಿದ ಗೊಬ್ಬರ ಒಂದು ಕಡೆ ಬೊಗಸೆಲಿ ತಗೊಂಡು ನೋಡಿದೀನಿ, ಬಳೆ ಚೂರು, ಶಾಂಪೂ ಪ್ಯಾಕೆಟ್ ತುಂಡು, ಬಲ್ಬಿನ ಗಾಜು. ಅದನ್ನ ಯಾರು ಗಿಡದ ಬುಡಕ್ಕೆ ಹಾಕ್ತಾರೆ?

ಬೇರೆ ಮಾಡೋದು ಮನೆಲೇ ಆಗ್ಬೇಕು. ಕರಿ ಕವರಿಗೆ ಅನ್ನ, ಡೈಪರ್, ಶೇವಿಂಗ್ ಬ್ಲೇಡ್ ಎಲ್ಲ ತುರುಕಿ ಗಂಟು ಕಟ್ಟಿ ಕಸದ ಗಾಡಿಗೆ ಎಸೆದ್ರೆ ಆ ಗಂಟು ಬಿಚ್ಚೋರು ಪೌರಕಾರ್ಮಿಕರು, ಎಷ್ಟೋ ಸಲ ಗ್ಲೌಸ್ ಇಲ್ದಿರೋ ಕೈಲಿ. ಇದು ನೋಡೋಕಾಗಲ್ಲ. ಎರಡು ಬಕೆಟ್, ಪ್ಯಾಡು ಡೈಪರ್‌ಗೆ ಒಂದು ಪೇಪರ್ ಸುತ್ತು, ಇಷ್ಟು ಮಾಡೋಕೆ ನಮಗೇನು ಕಷ್ಟ?

ಎಲ್ಲ ಮನೆಯವ್ರೂ ಬದಲಾಗೋ ತನಕ ಕಾಯೋದೂ ಬೇಡ. ದಿನಕ್ಕೆ 100 ಕೆ.ಜಿ. ಮೇಲೆ ಕಸ ಮಾಡೋರು ತಮ್ಮ ಹಸಿ ಕಸನ ಆದಷ್ಟು ತಮ್ಮ ಜಾಗದಲ್ಲೇ ಗೊಬ್ಬರನೋ ಗ್ಯಾಸೋ ಮಾಡ್ಬೇಕು ಅಂತ 2016ರ ಘನ ತ್ಯಾಜ್ಯ ನಿಯಮದಲ್ಲೇ ಇತ್ತು. ಕಲ್ಯಾಣ ಮಂಟಪ, ದೊಡ್ಡ ಹೋಟೆಲ್, ರೆಸಾರ್ಟ್ ಇಲ್ಲಿಂದ ಶುರು ಮಾಡಿದ್ರೆ ಲಾರಿ ಟ್ರಿಪ್ ತಾನಾಗೇ ಇಳಿಯುತ್ತೆ. ಕೇರಳದ ಆಲಪ್ಪುಳದಲ್ಲಿ 2012ರಲ್ಲಿ, ಪಟ್ಟಣದ ಕಸ ಸುರೀತಿದ್ದ ಸರ್ವೋದಯಪುರದ ಜನ ಕಸದ ಲಾರಿ ತಡೆದಾಗ ಆಲಪ್ಪುಳದವ್ರು ಮನೆಮನೆಗೆ ಪೈಪ್ ಒಳಗೇ ಗೊಬ್ಬರ ಮಾಡೋ ಪೈಪ್ ಕಾಂಪೋಸ್ಟ್, ಬಯೋಗ್ಯಾಸ್ ಕೊಟ್ಟು ದಾರಿ ಹುಡುಕಿದ್ರು. ನಾವು ಯಾರಾದ್ರೂ ಲಾರಿ ತಡೀಲಿ ಅಂತ ಕಾಯ್ಬೇಕಾ?

ನಗರಸಭೆಯವ್ರಲ್ಲಿ ನನ್ನ ವಿನಂತಿ ಇಷ್ಟು, ಈ ಮಳೆಗಾಲಕ್ಕೆ ಮುಂಚೆ ಮಾರ್ಕೆಟ್ ಹತ್ರ ಒಂದು, ಯಾವ್ದಾದ್ರೂ ಒಂದು ವಾರ್ಡಲ್ಲಿ ಒಂದು ಗೊಬ್ಬರದ ಶೆಡ್ ಹಾಕಿ, ನೋಡ್ಕೊಳ್ಳೋ ಕೆಲಸ ಸ್ತ್ರೀಶಕ್ತಿ ಸಂಘದವ್ರಿಗೆ ಸಂಬಳದ ಜೊತೆ ಕೊಡಿ, ಹಸಿ ಕಸ ಮನೇಲೇ ಗೊಬ್ಬರ ಮಾಡ್ಕೊಳ್ಳೋರಿಗೆ ತೆರಿಗೆ ಜೊತೆ ಕಟ್ಟೋ ಕಸದ ಸೆಸ್ಸಲ್ಲಿ ರಿಯಾಯ್ತಿ ಕೊಡಿ. ಶೆಡ್ ಹಾಕೋ ಮುಂಚೆ ಡೀಸೆಲ್ ಬಿಲ್ ಎಷ್ಟಿತ್ತು, ಆರು ತಿಂಗಳಾದ್ಮೇಲೆ ಎಷ್ಟಾಯ್ತು ಅಂತ ನೋಟಿಸ್ ಬೋರ್ಡಲ್ಲಿ ಹಾಕಿ, ಜನಾನೂ ನೋಡ್ಲಿ.

– ಒಬ್ಬ ಓದುಗ, ಚಿಕ್ಕಮಗಳೂರು