ಗುಹೆಗೂ ಆಕಾಶಕ್ಕೂ ಕತ್ತಲು ಬೇಕು

ಮಾನ್ಯರೇ,

ಮಗಳ ಮನೆಗೆಂದು ಅಮೆರಿಕದ ಅರಿಜೋನಾಕ್ಕೆ ಹೋಗಿದ್ದಾಗ, ಹಗಲು ಕಾರ್ಚ್‌ನರ್ ಗುಹೆಗಳನ್ನೂ ರಾತ್ರಿ ಕಿಟ್ ಪೀಕ್ ಖಗೋಳ ವೀಕ್ಷಣಾಲಯವನ್ನೂ ಒಂದೇ ದಿನದಲ್ಲಿ ನೋಡುವ ಅವಕಾಶ ಒದಗಿತು. ಅಲ್ಲಿ ಕಂಡ ಶಿಸ್ತು ನಮ್ಮಲ್ಲಿಯೂ ಬರಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

1974ರಲ್ಲಿ ಗ್ಯಾರಿ ಟೆನೆನ್ ಮತ್ತು ರ‍್ಯಾಂಡಿ ಟಫ್ಟ್ಸ್ ಎಂಬ ಇಬ್ಬರು ಯುವಕರು ಈ ಗುಹೆಗಳನ್ನು ಪತ್ತೆಹಚ್ಚಿದರೂ, ಸುದ್ದಿ ಹಬ್ಬಿದರೆ ಜನ ನುಗ್ಗಿ ಹಾಳುಗೆಡವುತ್ತಾರೆಂಬ ಆತಂಕದಿಂದ, 1988ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ರಕ್ಷಣೆಗೆ ಮುಂದಾಗುವವರೆಗೂ ಗುಟ್ಟನ್ನು ಕಾಪಾಡಿಕೊಂಡರು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1999ರಲ್ಲಿ. ಸುಣ್ಣಕಲ್ಲಿನ ನೀರು ಹನಿಹನಿಯಾಗಿ ತೊಟ್ಟಿಕ್ಕಿ ಇಂದಿಗೂ ಅಲ್ಲಿ ಶಿಲಾರೂಪಗಳು ಬೆಳೆಯುತ್ತಿರುವುದರಿಂದ, ಹೊರಗಿನ ಒಣಗಾಳಿ ಒಳಗೆ ಸುಳಿಯದಂತೆ ಒಂದರ ಹಿಂದೊಂದು ಬಾಗಿಲುಗಳಿವೆ. ಬಟ್ಟೆಯ ನೂಲೆಳೆ, ದೂಳು ಉದುರದಿರಲೆಂದು ಒಳಹೋಗುವವರ ಮೇಲೆ ಮಂಜಿನಂಥ ನೀರನ್ನು ಸಿಂಪಡಿಸುತ್ತಾರೆ. ಮೊಬೈಲು, ಕ್ಯಾಮೆರಾ ಹೊರಗೇ ಉಳಿಯಬೇಕು. ಯಾರಾದರೂ ಕಲ್ಲನ್ನು ಅಕಸ್ಮಾತ್ತಾಗಿ ಮುಟ್ಟಿದರೂ ಮಾರ್ಗದರ್ಶಕರು ಆ ಜಾಗವನ್ನು ಗುರುತು ಮಾಡಿಟ್ಟು, ಕೈಯ ಜಿಡ್ಡು ಉಳಿಯದಂತೆ ಆನಂತರ ತೊಳೆಸುತ್ತಾರೆ. ಬಾವಲಿಗಳು ಮರಿ ಹಾಕುವ ಕಾಲವೆಂದು ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ದೊಡ್ಡ ಕೋಣೆಯನ್ನೇ ಮುಚ್ಚಿಬಿಡುತ್ತಾರೆ. ಟಿಕೆಟ್ ಹಣಕ್ಕಿಂತ ಬಾವಲಿ ದೊಡ್ಡದೆಂದು ಒಂದು ಇಲಾಖೆ ಭಾವಿಸುವುದು ನನಗೆ ಬಹಳ ಹಿಡಿಸಿತು.

ಕಿಟ್ ಪೀಕ್ ಇರುವುದು ಟೊಹೊನೊ ಓಡಮ್ ಮೂಲನಿವಾಸಿಗಳ ನೆಲದಲ್ಲಿ. ಸಮೀಪದ ಟೂಸಾನ್ ದೊಡ್ಡ ನಗರವಾದರೂ, ದೂರದರ್ಶಕಗಳಿಗೆ ತೊಂದರೆಯಾಗದಿರಲೆಂದು 1972ರಲ್ಲಿಯೇ ಹೊರಾಂಗಣ ದೀಪಗಳಿಗೆ ನಿಯಮ ತಂದಿತು. ವೀಕ್ಷಣೆ ಮುಗಿಸಿ ಹೊರಟ ನಮ್ಮ ಕಾರುಗಳನ್ನೂ ಹೆಡ್‌ಲೈಟ್ ಹಾಕಗೊಡದೆ, ಸಿಬ್ಬಂದಿಯೇ ಸ್ವಲ್ಪ ದೂರ ಮುಂದೆ ನಿಂತು ಸಾಲಾಗಿ ಇಳಿಸಿದರು.

ನಮ್ಮ ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿಯೂ ಇದೇ ರೀತಿ ಹನಿನೀರಿನಿಂದ ಮೂಡಿದ ಲಿಂಗವಿದೆ. ಶಿವರಾತ್ರಿಗೆ ಜನ ಭಕ್ತಿಯಿಂದ ಸೇರುತ್ತಾರೆ. ದರ್ಶನಕ್ಕೆ ಅಡ್ಡಿಯಾಗದಂತೆ, ಒಮ್ಮೆಗೆ ಇಂತಿಷ್ಟೇ ಮಂದಿ ಒಳಹೋಗುವ, ಮೂಲಶಿಲೆಯನ್ನು ಮುಟ್ಟದಿರುವ ಏರ್ಪಾಟನ್ನು ಅರಣ್ಯ ಇಲಾಖೆ ಮತ್ತು ಊರ ಹಿರಿಯರು ಕೂಡಿ ಮಾಡಬಹುದು. ಇನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೇಣು ಬಪ್ಪು ವೀಕ್ಷಣಾಲಯವು 1977ರಲ್ಲಿ ಯುರೇನಸ್ಸಿನ ಉಂಗುರಗಳನ್ನು ಪತ್ತೆಹಚ್ಚಿದ ವೀಕ್ಷಣೆಗಳಲ್ಲಿ ಪಾಲು ಪಡೆದ ಸ್ಥಳ. ಅಂಥ ಜಾಗದ ಸುತ್ತಲಿನ ಬೀದಿದೀಪಗಳು ಬೆಳಕನ್ನು ಮೇಲಕ್ಕೆ ಚೆಲ್ಲದೆ ನೆಲಕ್ಕಷ್ಟೇ ಬೀರುವಂತೆ ಮೇಲುಮುಚ್ಚಿಗೆ ಅಳವಡಿಸುವುದು ದುಬಾರಿಯ ಕೆಲಸವಲ್ಲ. ಎರಡೂ ರಾಜ್ಯಗಳ ಸರ್ಕಾರಗಳು ಇತ್ತ ಗಮನ ಹರಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು